ಉಡದಗುಡ್ಡಕ್ಕೆ ಬಂದ ಕಂಪನಿ

ದೊಣೆಯ ನೀರು ಅಂದು ಮಿನುಗುತ್ತಿತ್ತು.

ಸುಂಕಲಮ್ಮ ಕೊಡ ಅದ್ದಲಿಲ್ಲ. ಬಗ್ಗಿ ನೋಡಿದಳು. ನೀರಿನ ಮೇಲೆ ತೆಳ್ಳಗೆ ಧೂಳು ಕೂತಿತ್ತು. ಅದರಲ್ಲಿ ಮೀನಿನ ಪೊರೆಯಂಥ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಸೆರಗನ್ನು ಮಡಿಚಿ ಕೊಡದ ಬಾಯಿಗೆ ಹಿಡಿದು ಸೋಸಿದಳು. ಒಂದು ಬೊಗಸೆ ಕುಡಿದು ನೋಡಿದಳು. ನಾಲಗೆಗೆ ಮರಳು ಹತ್ತಿತು. ಉಗುಳಿದಳು.

"ಇನ್ನೊಂದು ಮಡಿಕಿ ಹಾಕಬೇ," ಎಂದಳು ಹಿಂದೆ ನಿಂತಿದ್ದ ಮುದುಕಮ್ಮ.

"ಸೀರಿ ಪೂರಾ ಬಿಚ್ಚಿ ಹಾಕಿದ್ರೂ ಇದು ಸೋಸಂಗಿಲ್ಲ ಬಿಡ ಅತ್ತಿ."

"ಬಿಚ್ಚಬ್ಯಾಡ ಮತ್ತ. ಕಾವಲಿನಾಂವ ನೋಡಾಕತ್ಯಾನ."

ಹೆಂಗಸರು ನಕ್ಕರು. ನಗು ಬೇಗ ನಿಂತಿತು. ಮುಳ್ಳುಬೇಲಿಯ ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಕೋಲು ಕುಟ್ಟಿ ಕೂಗಿದ: "ಜಲ್ದಿ ತುಂಬ್ರಿ, ಜಲ್ದಿ. ಇನ್ನ ನೀರಿನ ಹೊತ್ತು ಮುಗೀತು."

ಉಡದಗುಡ್ಡದ ಬುಡದಲ್ಲಿ ಬೇಡರ ದೊಡ್ಡಿ, ಪುಟ್ಟದೊಂದು ಹಟ್ಟಿ. ತಾವರಗೇರಾದ ಸಂತೆಗೆ ಸೌದೆ ಹೊತ್ತು ಹೋದರೆ ಹೊತ್ತು ಮುಳುಗುವುದರೊಳಗೆ ತಿರುಗಿ ಬರಬಹುದು, ಅಷ್ಟು ದೂರ. ದೊಡ್ಡಿಯವರಿಗೆ ಬಾವಿ ಇಲ್ಲ. ತೋಡಿದಲ್ಲೆಲ್ಲ ಬಂಡೆ. ಗುಡ್ಡದ ಅರ್ಧ ಏರಿದರೆ ಒಂದು ದೊಡ್ಡ ಬಂಡೆ, ಅದರ ಕೆಳಗೆ ಕಲ್ಲಿನ ಕುಳಿ. ಮಳೆಯ ನೀರು ಅಲ್ಲಿ ನಿಂತು ವರ್ಷಪೂರ್ತಿ ತಂಪಾಗಿರುತ್ತಿತ್ತು. ಅದೇ ದೊಣೆ. ಇಳಿಜಾರಿನಲ್ಲಿ ಸಜ್ಜೆ ಬೆಳೆಯುತ್ತಿದ್ದರು. ಮೇಲೆ ಸೀತಾಫಲ, ಜೇನು, ಆಡಿಗೆ ಮೇವು. ಗುಡ್ಡ ಯಾರದು ಎಂದು ಆ ತನಕ ಯಾರೂ ಯಾರನ್ನೂ ಕೇಳಿರಲಿಲ್ಲ.

ಈಗ ದೊಣೆ ಬೇಲಿಯ ಒಳಗಿತ್ತು. ಬೆಳಗ್ಗೆ ಒಂದು ಹೊತ್ತು ಮಾತ್ರ ನೀರಿಗೆ ಬಿಡುತ್ತಿದ್ದರು.

"ತಮ್ಮಾ, ನೀರಾಗ ಧೂಳ ಬೀಳಾಕತ್ತೈತಿ. ನಿಮ್ಮ ಸಾಹೇಬಗ ಹೇಳಲ್ಲಾ," ಎಂದಳು ಸುಂಕಲಮ್ಮ.

ಕಾವಲುಗಾರ ಕೆಟ್ಟವನಲ್ಲ. ಸುತ್ತ ನೋಡಿ ದನಿ ತಗ್ಗಿಸಿದ. "ಧೂಳಿನ ಮಾತು ಬಿಡವ್ವಾ. ಈ ದೊಡ್ಡ ಬಂಡಿಗಲ್ಲಿಗೇ ತೂತು ಕೊರದಾರ. ಇದರ ಹೊಟ್ಟ್ಯಾಗ ಭಾಳ ಮಾಲ ಐತಂತ. ಇವತ್ತ ನಾಳಿ ಮದ್ದು ತುಂಬಿ ಹಾರಸ್ತಾರ."

"ದೊಣಿ?"

ಅವನು ಕೋಲಿನ ತುದಿಯಿಂದ ನೆಲ ಕೆದಕಿದ.

ಹೊರಗಿನವರು ಬಂದು ಗುಡ್ಡ ಕಿತ್ತುಕೊಂಡರು ಎಂದರೆ ಪೂರ್ತಿ ನಿಜವಲ್ಲ. ದೊಡ್ಡಿಯವರೇ ಕೈಯಾರೆ ಕೊಟ್ಟಿದ್ದರು. ನಗುನಗುತ್ತ ಕೊಟ್ಟಿದ್ದರು. ಕೊಟ್ಟದ್ದು ಒಂದಕ್ಕೆ, ಹೋದದ್ದು ಇನ್ನೊಂದಕ್ಕೆ.

ದೀಪಾವಳಿ ಕಳೆದ ಮೇಲೆ ಕುಷ್ಟಗಿಯ ತಹಶೀಲ ಕಚೇರಿಯ ಜವಾನ ಕಾಸೀಮಸಾಬ ದೊಡ್ಡಿಗೆ ಬಂದಿದ್ದ. ಜೊತೆಗೆ ಹಲಗೆ ಬಾರಿಸುವವನೊಬ್ಬ. ಹಲಗೆ ನಿಂತ ಮೇಲೆ ಕಾಸೀಮಸಾಬ ಗಂಟಲು ಸರಿಮಾಡಿಕೊಂಡು ಸಾರಿದ:

"ಕೇಳ್ರಪೋ ಕೇಳ್ರಿ! ಉಡದಗುಡ್ಡಕ್ಕ ಕಂಪನಿ ಬರತೈತಿ! ಕಂಪನಿಗೆ ಜಾಗಾ ಕೊಡಾಕ ಯಾರದಾರ ತಕರಾರ ಇದ್ರ, ಬರೋ ಸ್ವಾಮಾರ ಗೌಡ್ರ ಚಾವಡಿಗೆ ಬಂದು ತಹಶೀಲ್ದಾರ ಸಾಹೇಬ್ರ ಮುಂದ ಹೇಳ್ರಪೋ!"

ಮಹಾಯುದ್ಧದ ಕಾಲ ಅದು. ಆದರೆ ಯುದ್ಧ ದೊಡ್ಡಿಯತನಕ ಬಂದಿರಲಿಲ್ಲ, ಸೀಮೆಎಣ್ಣೆ ಸಿಗದಿದ್ದಾಗ ಮಾತ್ರ ನೆನಪಾಗುತ್ತಿತ್ತು. ಆ ಸೀಮೆಯ ಬಡವರಿಗೆ ಕಂಪನಿ ಎಂದರೆ ಒಂದೇ ಕಂಪನಿ. ನಾಟಕ ಕಂಪನಿ. ಹಿಂದಿನ ವರ್ಷ ಒಂದು ಕಂಪನಿ ತಾವರಗೇರಾದಲ್ಲಿ ಡೇರೆ ಹೊಡೆದಿತ್ತು. ಅದೂ ಹೀಗೇ ಡಂಗುರ ಸಾರಿಸಿ, ಊರವರ ಕಡೆಯಿಂದ ಜಾಗ ಬೇಡಿಕೊಂಡೇ ಬಂದಿತ್ತು.

ಸುಂಕಲಮ್ಮನ ಗಂಡ ಅಮರಪ್ಪನಿಗೆ ಆ ನಾಟಕದ ಹುಚ್ಚು ಹತ್ತಿತ್ತು. ಸೌದೆ ಮಾರಲು ಹೋದವನು ರಾತ್ರಿ ಅಲ್ಲೇ ಉಳಿಯುತ್ತಿದ್ದ. ಒಳಗೆ ಕೂರಲು ಕಾಸಿಲ್ಲ. ಕಾಸಿದ್ದರೂ ಬೇಡರವನನ್ನು ಕಟ್ಟಕಡೆಗೆ, ಕಂಬದ ಹಿಂದೆ ಕೂರಿಸುತ್ತಿದ್ದರು. ಅವನು ಹೊರಗೆ ನಿಂತು ಡೇರೆಯ ಹರಕಿಗೆ ಕಣ್ಣು ಹಚ್ಚುತ್ತಿದ್ದ. ಕಾವಲಿನವರು ಬೆನ್ನಿಗೆ ಏಟು ಬಿಟ್ಟರೆ ಇನ್ನೊಂದು ಹರಕು ಹುಡುಕುತ್ತಿದ್ದ. ನಾಟಕದ ರಾಜನ ಮುಖವನ್ನು ಅವನು ಒಂದು ದಿನವೂ ಪೂರ್ತಿ ನೋಡಿರಲಿಲ್ಲ. ಹಾಡು ಮಾತ್ರ ಎಲ್ಲವೂ ಬಾಯಿಗೆ ಬಂದಿದ್ದವು.

"ಕಾಸೀಮಣ್ಣಾ, ಎಲ್ಲಿ ಕಂಪನಿ?" ಎಂದು ಅವನೇ ಮೊದಲು ಓಡಿಬಂದ.

"ಹೈದರಾಬಾದಿಂದ ಬರತೈತಂತಪಾ. ದೊಡ್ಡ ಕಂಪನಿ ಅಂತ ಕಚೇರ್ಯಾಗ ಮಾತಾಡಾಕತ್ತಿದ್ರು."

"ಹೈದರಾಬಾದಿಂದ! ಹಂಗಾದ್ರ ಸೀನು ಸೀನರಿ ಭಾರಿ ಇರ್ತಾವ."

"ಇರಬೇಕು. ನನಗೊಂದು ಮುಂದಿನ ಸಾಲಿನ್ಯಾಗ ಜಾಗಾ ಹಿಡದಿಡು ಮತ್ತ."

"ನಮ್ಮ ಗುಡ್ಡದಾಗ ಆಡಿದ್ರ ಮುಂದಿನ ಸಾಲು ನಮ್ದ ಅಲ್ಲೇನಣ್ಣಾ! ನೀ ಬಾ. ನನ್ನ ಮಗ್ಗಲಾಗ ಕುಂದ್ರು."

ಮುಂದಿನ ಸಾಲು ನಮ್ಮದು. ಆ ಒಂದು ಮಾತು ದೊಡ್ಡಿಯ ತುಂಬ ಓಡಾಡಿತು.

ಕೆಲವು ದಿನದಲ್ಲೇ ಕಂಪನಿಯ ಏಜೆಂಟ ಬಂದ. ಹೆಸರು ಉಮಾಪತಿ. ಕೊಪ್ಪಳದ ವ್ಯಾಪಾರಸ್ಥರ ಮನೆಯವನು, ಕೋಟು ತೊಟ್ಟವನು, ಮಾತು ಬೆಲ್ಲ. ಜೊತೆಗೆ ಊರಗೌಡ ಕೊಟ್ರಪ್ಪ. ಇಬ್ಬರು ಆಳುಗಳು ಕಬ್ಬಿಣದ ಸರಪಳಿ ಎಳೆದು ಗುಡ್ಡ ಅಳೆದರು.

"ಸರಪಳಿ ಯಾಕ?" ಎಂದಳು ಸುಂಕಲಮ್ಮ ಗಂಡನಿಗೆ.

"ಪರದೆ ಕಟ್ಟಾಕ ಅಳತಿ ಬೇಕಾಗತೈತಿ."

"ಗುಡ್ಡ ತುಂಬ ಪರದೆ ಕಟ್ತಾರೇನು? ಅದೂ ಸುಗ್ಗಿ ಆಗಿ ಮಂದಿ ಕೈಯಾಗ ಕಾಸು ಬಂದ ಮ್ಯಾಲ ಬರಬೇಕಾದವ್ರು ಈಗ್ಯಾಕ ಬಂದ್ರು?"

"ನಿನಗೇನ ತಿಳೀತೈತಿ ಕಂಪನಿ ಕಾರಭಾರ? ಒಂದು ನಾಟಕರ ನೋಡಿಯೇನು?"

"ನೀ ನೋಡೀಯಲ್ಲ, ಹರಕಿನ್ಯಾಗಿಂದ."

ಉಮಾಪತಿ ದೊಡ್ಡಿಯವರನ್ನು ಕರೆದು ಕೇಳಿದ: "ಇಲ್ಲಿ ಕಾಗಿ ಬಂಗಾರ ಎಲ್ಲೆಲ್ಲಿ ಸಿಗತೈತಿ? ತೋರಿಸ್ರಿ ನೋಡೂಣು."

ಕಾಗೆಬಂಗಾರ ಗುಡ್ಡದ ತುಂಬ ಇತ್ತು. ಬಂಡೆಯ ಸಂದಿಯಲ್ಲಿ ಪದರಪದರವಾಗಿ ಹೊಳೆಯುವ ಕಲ್ಲು. ಉಗುರು ಹಾಕಿದರೆ ಹಾಳೆಯಂತೆ ಏಳುತ್ತದೆ. ಮಕ್ಕಳು ಅದನ್ನು ಕನ್ನಡಿ ಮಾಡಿ ಆಡುತ್ತಿದ್ದರು. ಮುದುಕಮ್ಮ ಮನೆಯಿಂದ ಉಡಿ ತುಂಬ ತಂದು ಸುರಿದಳು.

"ಯಾತಕ್ಕರಿ ಯಪ್ಪಾ ಇದು? ರಾಜನ ಕಿರೀಟಕ್ಕ ಹಚ್ಚಾಕೇನ್ರಿ?"

ಉಮಾಪತಿಗೆ ತಿಳಿಯಲಿಲ್ಲ. ಗೌಡನ ಮುಖ ನೋಡಿದ. ಗೌಡನಿಗೆ ತಿಳಿಯಿತು. ದೊಡ್ಡಿಯ ಮಂದಿ ಏನು ತಿಳಿದುಕೊಂಡಿದ್ದಾರೆ ಎಂಬುದು ಅವನಿಗೆ ಆ ಕ್ಷಣಕ್ಕೇ ಹೊಳೆಯಿತು. ಅಲ್ಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಾಲು ಸಾಗಿಸುವ ಬಂಡಿಗಳೆಲ್ಲ ಗೌಡನವು ಎಂದು ಮಾತಾಗಿತ್ತು. ಅವನು ಉಮಾಪತಿಯ ಕಿವಿಯಲ್ಲಿ ಏನೋ ಹೇಳಿದ. ಉಮಾಪತಿ ಮೊದಲು ಬೆರಗಾದ. ಆಮೇಲೆ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ.

"ಹೌದವಾ," ಎಂದ. "ಕಿರೀಟಕ್ಕ. ರಾಜ್ರು ಭಾಳ ಮಂದಿ ಅದಾರ. ಹಂಗಾಗಿ ಭಾಳ ಬೇಕು."

"ನಾಟಕ ಯಾವ್ದ್ರಿ ಧಣ್ಯಾರ?" ಎಂದ ಅಮರಪ್ಪ.

"ನೋಡೀಯಂತ ತಡಿ. ಈಗ ಹೇಳಿದ್ರ ಮಜಾ ಹೋಗತೈತಿ."

ಸೋಮವಾರ ಚಾವಡಿಗೆ ತಹಶೀಲ್ದಾರರು ಬಂದರು. ಅವರ ಮಾತು ಉರ್ದು, ಹೈದರಾಬಾದ್ ಸಂಸ್ಥಾನದ ಕಚೇರಿಯ ಭಾಷೆ. ದೊಡ್ಡಿಯವರಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ನಡುವೆ ಕಾಸೀಮಸಾಬ ನಿಂತ.

"ಸಾಹೇಬ್ರು ಕೇಳ್ತಾರ. ಉಡದಗುಡ್ಡ ಕಂಪನಿಗೆ ಕೊಡಾಕ ನಿಮ್ಮ ತಕರಾರ ಐತೇನು? ಇಲ್ಲಂದ್ರ ಕಬೂಲ್ ಅನ್ರಿ."

"ಕಬೂಲ್!" ಎಂದು ಮೊದಲು ಕೂಗಿದವನು ಅಮರಪ್ಪ. ಆಮೇಲೆ ಎಲ್ಲರೂ ಕೂಗಿದರು. ತಹಶೀಲ್ದಾರರಿಗೇ ಆಶ್ಚರ್ಯ. ಜಮೀನಿನ ವಿಚಾರಣೆಗೆ ಇಷ್ಟು ಖುಷಿಯಿಂದ ಬಂದ ಮಂದಿಯನ್ನು ಅವರು ನೋಡಿರಲಿಲ್ಲ.

ಸುಂಕಲಮ್ಮ ಗಂಡಸರ ಹಿಂದಿನಿಂದ ಕೇಳಿದಳು: "ಎಷ್ಟ ದಿನಾ ಇರ್ತಾರ ಕೇಳ ಕಾಸೀಮಣ್ಣಾ."

ಕಾಸೀಮಸಾಬ ಕೇಳಿದ. ತಹಶೀಲ್ದಾರರು ಕಾಗದ ನೋಡಿ ಹೇಳಿದರು. ಕಾಸೀಮಸಾಬ ತಲೆ ಕೆರೆದುಕೊಂಡ.

"ಮೂವತ್ತು ವರ್ಸ ಅಂತಾರವಾ."

ಚಾವಡಿಯ ಹೆಂಚು ಹಾರುವಂಥ ನಗು. ಮೂವತ್ತು ವರ್ಷದ ನಾಟಕ! "ಹುಡುಗನ ಪಾಲ್ಟು ಮಾಡಿದಾಂವ ಮುದುಕನ ಪಾಲ್ಟಿಗೆ ಬರ್ತಾನ ಬಿಡ್ರಿ ಅಷ್ಟೊತ್ತಿಗೆ," ಎಂದ ಅಮರಪ್ಪ. ಸಾಹೇಬರು ಭಾಳ ಚೇಷ್ಟೆಯವರು ಎಂದುಕೊಂಡರು ಎಲ್ಲರೂ. ಇವರು ನಗುವುದು ನೋಡಿ ತಹಶೀಲ್ದಾರರೂ ನಕ್ಕರು. ಸುಂಕಲಮ್ಮನೂ ನಕ್ಕಳು.

"ಕಂಪನಿ ಬರೂದ್ರೊಳಗ ಜಾಗಾ ಹಸನ ಮಾಡ್ರಿ," ಎಂದು ಗೌಡ ಹೇಳಿದ. ಕೂಲಿಯ ಮಾತು ಅವನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ನಾಟಕಕ್ಕೆ ಜಾಗ ಮಾಡಲು ಕೂಲಿ ಯಾರು ಕೇಳುತ್ತಾರೆ? ದೊಣೆಯ ಕೆಳಗಿನ ಇಳಿಜಾರು ಅಮರಪ್ಪನ ಸಜ್ಜೆ ಹೊಲ. ಅವನ ಅಪ್ಪ ಕಲ್ಲು ಕಲ್ಲು ಆರಿಸಿ ಅಲ್ಲಿ ಒಡ್ಡು ಹಾಕಿದ್ದ, ಮಳೆಗೆ ಮಣ್ಣು ಹರಿಯದ ಹಾಗೆ. ಅಮರಪ್ಪ ಆ ಒಡ್ಡು ಒಡೆದ. ಒಡ್ಡಿನ ಕಲ್ಲಿನಿಂದ ಬಂಡಿಗೆ ದಾರಿ ಮಾಡಿದ. ಮಣ್ಣು ಎಳೆದು ನೆಲ ಸಮ ಮಾಡಿದ. ಹಾಡುತ್ತ ಮಾಡಿದ. ಹೆಂಗಸರು ಸಗಣಿ ಸಾರಿಸಿದರು. ಸುಂಕಲಮ್ಮ ಅಂಚಿಗೆ ರಂಗೋಲಿ ಎಳೆದಳು.

ಬಂಡಿಗಳು ಬಂದವು. ಗೌಡನ ಬಂಡಿಗಳು, ತಾಡಪತ್ರಿ ಮುಚ್ಚಿದ್ದವು. ಮಕ್ಕಳು ಹಿಂದೆ ಓಡಿದವು. ತಾಡಪತ್ರಿ ತೆಗೆದರೆ ಪರದೆ ಇರಲಿಲ್ಲ. ಹಾರೆ, ಗುದ್ದಲಿ, ಸುತ್ತಿಗೆ, ಉದ್ದನೆಯ ಕಬ್ಬಿಣದ ಸಲಾಕೆ, ಮೊಳೆ ಹೊಡೆದ ಪೆಟ್ಟಿಗೆ.

"ಯುದ್ಧದ ನಾಟಕ ಇರಬೇಕು," ಎಂದ ಅಮರಪ್ಪ. ದನಿಯಲ್ಲಿ ಮೊದಲಿನ ಕಸುವು ಇರಲಿಲ್ಲ.

ಮರುದಿನ ಪಾಲಮೂರಿನ ಕಡೆಯ ತೆಲುಗು ಕೂಲಿಗಳು ಬಂದರು. ಅದರ ಮರುದಿನ ಗುಡ್ಡದ ಮೇಲೆ ಮೊದಲ ಮದ್ದು ಸಿಡಿಯಿತು. ಆಡುಗಳು ಹಗ್ಗ ಹರಿದುಕೊಂಡು ಓಡಿದವು. ಒಂದು ಗಬ್ಬದ ಆಡು ಅಲ್ಲೇ ಮರಿ ಹಾಕಿತು, ಸತ್ತ ಮರಿ. ಬೇಲಿ ಬಂತು. ಕಾವಲು ಬಂತು. ಸೌದೆಗೆ ಹೋದವರ ಕೊಡಲಿ ಕಸಿದುಕೊಂಡರು.

ಎಲ್ಲರೂ ಗೌಡನ ಬಾಗಿಲಿಗೆ ಹೋದರು.

"ಗೌಡ್ರ, ಇದ್ಯಾವ ಕಂಪನಿರಿ?"

ಗೌಡ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದ: "ಕಾಗಿ ಬಂಗಾರದ ಕಂಪನಿ. ಯುದ್ಧದ ಇಮಾನಕ್ಕ, ರೇಡಿಯೋಕ್ಕ ಅದು ಬೇಕಂತ. ಮೂವತ್ತು ವರ್ಸಕ್ಕ ಗುಡ್ಡ ತಗೊಂಡೈತಿ. ನೀವ ಕಬೂಲ್ ಅಂದ್ರೆಲ್ಲ."

"ನಾವು ನಾಟಕದ ಕಂಪನಿ ಅಂತ ತಿಳದಿದ್ವಿ!"

"ನೀವು ಏನಾರ ತಿಳಕೋರಿ. ನಿಮ್ಮ ತಿಳವಳಿಕಿಗೆ ಸರಕಾರ ಜವಾಬ್ದಾರ ಏನು? ಕಾಗದದಾಗ ಅದು ಗೈರಾಣ, ಸರಕಾರದ್ದು. ನಿಮ್ಮನ್ನ ಕೇಳಿದ್ದ ದೊಡ್ಡ ಮಾತು."

ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಂದಿನಿಂದ ತಾವರಗೇರಾದ ಸಂತೆಯಲ್ಲಿ ಉಡದಗುಡ್ಡದ ದೊಡ್ಡಿಯವರನ್ನು ಕಂಡರೆ ಜನ ಕೇಳುತ್ತಿದ್ದರು: "ಏನ್ರಪಾ, ನಾಟಕ ಛಲೋ ನಡದೈತೇನು?" ಅಮರಪ್ಪ ಸಂತೆಗೆ ಹೋಗುವುದು ಬಿಟ್ಟ. ಹಾಡುವುದು ಬಿಟ್ಟ. ಹೆಂಡತಿಯ ಮುಖ ನೋಡಿ ಮಾತಾಡುವುದೂ ಬಿಟ್ಟ.

ದೊಣೆಯ ನೀರು ಮಿನುಗಿದ ಆ ದಿನ ಸುಂಕಲಮ್ಮ ಮನೆಗೆ ಬಂದು ಕೊಡ ಇಳಿಸಿದಳು. ಅಮರಪ್ಪ ಗೋಡೆಗೆ ಒರಗಿ ಕೂತಿದ್ದ.

"ದೊಡ್ಡ ಬಂಡಿಗಲ್ಲು ಹಾರಸ್ತಾರಂತ. ದೊಣಿ ಉಳ್ಯಂಗಿಲ್ಲ."

ಅವನು ತಲೆ ಎತ್ತಲಿಲ್ಲ. "ಕಬೂಲ್ ಅಂತ ನಾನ ಮೊದಲ ಕೂಗಿದೆ."

"ಕೂಗಿದಿ. ನಾನೂ ಕೂಗಿನಿ. ರಂಗೋಲಿ ಹಾಕಿದಾಕಿ ಯಾರು, ನಿಮ್ಮವ್ವೇನು? ಈಗ ಅಳೂದು ಬಿಡು, ನನಗ ಜವಾಬ ಕೊಡು. ನಾವು ಜಾಗಾ ಕೊಟ್ಟಿದ್ದು ಯಾತಕ್ಕ?"

"ನಾಟಕಕ್ಕ."

"ಆಡ್ಯಾರೇನು?"

"ಹುಚ್ಚಿಯೇನು ನೀನು? ಅವರೆಲ್ಲಿ ಆಡ್ತಾರ?"

"ಆಡಿಲ್ಲ ಹೌದಲ್ಲ? ಹಂಗಾದ್ರ ನಾವು ಕೊಟ್ಟಂಗಲ್ಲ."

ಅಮರಪ್ಪ ಬಹಳ ದಿನದ ಮೇಲೆ ಅವಳ ಮುಖ ನೋಡಿದ.

ಮರುದಿನ ನೀರಿನ ಹೊತ್ತಿಗೆ ಬೇಲಿಯ ಬಾಗಿಲು ತೆರೆಯಿತು. ಕೊಡ ಹಿಡಿದ ಹೆಂಗಸರ ಹಿಂದೆ ಗಂಡಸರು ಬಂದರು. ಗಂಡಸರ ಹಿಂದೆ ಮಕ್ಕಳು, ಆಡು, ಕಂಬಳಿ, ರೊಟ್ಟಿಯ ಗಂಟು. ಕಾವಲುಗಾರ ಏನು ಎತ್ತ ಎನ್ನುವುದರೊಳಗೆ ದೊಡ್ಡಿಗೆ ದೊಡ್ಡಿಯೇ ದೊಣೆಯ ಮುಂದೆ, ತಾವೇ ಸಮ ಮಾಡಿದ ನೆಲದ ಮೇಲೆ, ಕಂಬಳಿ ಹಾಸಿ ಕೂತಿತ್ತು. ಮುದುಕಮ್ಮ ಎಲ್ಲರಿಗಿಂತ ಮುಂದೆ, ದೊಡ್ಡ ಬಂಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು.

ಉಮಾಪತಿ ಓಡುತ್ತ ಬಂದ. "ಏ, ಏಳ್ರಿ! ಬಂಡಿಗಲ್ಲಿಗೆ ಮದ್ದು ತುಂಬೂದೈತಿ. ಸತ್ತಗಿತ್ತೀರಿ!"

"ನಾಟಕ ನೋಡಾಕ ಬಂದೀವ್ರಿ," ಎಂದಳು ಸುಂಕಲಮ್ಮ. "ಜಾಗಾ ಕೊಟ್ಟು ಭಾಳ ದಿನಾ ಆತು. ಯಾವಾಗ ಸುರು ಮಾಡ್ತೀರಿ?"

"ಚೇಷ್ಟಿ ಮಾಡ್ತೀಯೇನು?"

"ಚೇಷ್ಟಿ ನೀವು ಸುರು ಮಾಡಿದ್ರಿ. ರಾಜ್ರು ಭಾಳ ಮಂದಿ ಅದಾರ ಅಂದ್ರಲ್ಲ, ಎಲ್ಲಿ ಅದಾರ? ಕರೀರಿ. ಕಿರೀಟ ನೋಡೂಣು."

"ಮದ್ದಿಗೆ ಬೆಂಕಿ ಹಚ್ಚಸ್ತೀನಿ ನೋಡು!"

"ಹಚ್ಚರಿ," ಎಂದಳು ಮುದುಕಮ್ಮ. "ನಾಟಕದ ಮೊದಲ್ನೇ ಗಂಟಿ ಆತು ಅಂತ ತಿಳ್ಕೋತೀವಿ."

ಉಮಾಪತಿ ಕೂಲಿಗಳ ಕಡೆ ತಿರುಗಿ ಕೂಗಿದ. ಅವರಲ್ಲಿ ಹಿರಿಯನೊಬ್ಬ ಕೂತವರನ್ನು ನೋಡಿದ. ತೊಡೆಯ ಮೇಲೆ ಮಲಗಿದ ಕೂಸುಗಳನ್ನು ನೋಡಿದ. ಸುತ್ತಿಗೆ ಕೆಳಗಿಟ್ಟ. "ಮನುಷುಲು ಉನ್ನಾರಯ್ಯಾ," ಎಂದ. ಮನುಷ್ಯರಿದ್ದಾರೆ ಎಂದ, ಅಷ್ಟೇ. ತೆಲುಗು ಬಾರದವರಿಗೂ ಆ ಮಾತು ತಿಳಿಯಿತು.

ಅವತ್ತು ಮದ್ದು ಸಿಡಿಯಲಿಲ್ಲ. ದೊಡ್ಡಿಯವರು ಅಲ್ಲೇ ಉಂಡರು, ಅಲ್ಲೇ ಮಲಗಿದರು. ಆದರೆ ಯಾರಿಗೂ ನೆಮ್ಮದಿ ಇರಲಿಲ್ಲ. ಕುದುರೆಯ ಗೊರಸಿನ ಸಪ್ಪಳ ಕೇಳಿದಂತಾಗಿ ಒಬ್ಬರಾದ ಮೇಲೆ ಒಬ್ಬರು ಎದ್ದು ಕೂರುತ್ತಿದ್ದರು.

ಬೆಳಗಾದ ಮೇಲೆ ತಹಶೀಲ್ದಾರರ ಟಾಂಗಾ ಬಂತು. ಹಿಂದೆ ಪೊಲೀಸ ಅಮೀನ, ನಾಲ್ಕಾರು ಲಾಠಿ. ಕಾಸೀಮಸಾಬ ಕೊಡೆ ಹಿಡಿದು ಸಾಹೇಬರ ಮಗ್ಗುಲಲ್ಲಿ ನಿಂತ. ದೊಡ್ಡಿಯವರ ಕಡೆ ನೋಡಲು ಅವನಿಗೆ ಆಗುತ್ತಿರಲಿಲ್ಲ.

"ಸಾಹೇಬ್ರು ಕೇಳ್ತಾರ. ನೀವು ಕಬೂಲ್ ಅಂದಿದ್ರೋ ಇಲ್ಲೋ?"

"ಅಂದಿದ್ವಿ," ಎಂದ ಅಮರಪ್ಪ.

"ಮತ್ತ ಈಗ್ಯಾಕ ಕುಂತೀರಿ?"

"ನಾಟಕದ ಕಂಪನಿಗೆ ಕಬೂಲ್ ಅಂದಿದ್ವಿ. ಹಂಗ ತಿಳದ ಕೊಟ್ಟಿದ್ವಿ. ಈ ಕೋಟಿನ ಧಣಿನೂ ಹೌದು ಅಂದಿದ್ದ. ನೀನೂ ಹಂಗ ಸಾರಿದ್ದಿ ಕಾಸೀಮಣ್ಣಾ. ಹೇಳು ಸಾಹೇಬ್ರಿಗೆ."

ಕಾಸೀಮಸಾಬ ಉರ್ದುವಿನಲ್ಲಿ ಮೆಲ್ಲಗೆ ಎಲ್ಲ ಹೇಳಿದ. ಕಡೆಗೆ ತನ್ನದೊಂದು ಮಾತನ್ನೂ ಸೇರಿಸಿದ. ಹುಜೂರ್, ಡಂಗುರ ಸಾರಿದ ನಾನೂ ಹಾಗೇ ತಿಳಿದಿದ್ದೆ, ಮುಂದಿನ ಸಾಲಿನಲ್ಲಿ ಜಾಗ ಹಿಡಿಯಲು ಹೇಳಿದ್ದೆ.

ತಹಶೀಲ್ದಾರರು ಅವನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಚಾವಡಿಯಲ್ಲಿ ನಕ್ಕಂಥ ನಗುವಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಂಥ ನಗು. ಅಮೀನ ನಕ್ಕ. ಲಾಠಿಯವರು ನಕ್ಕರು. ಉಮಾಪತಿ ನಕ್ಕ, ಗೌಡ ನಕ್ಕ.

"ನಗ್ರಿ," ಎಂದಳು ಸುಂಕಲಮ್ಮ. "ಮೂವತ್ತು ವರ್ಸ ಅಂದಾಗ ನಾವೂ ಹಿಂಗ ನಕ್ಕಿದ್ವಿ. ಅದರ ಬೆಲಿ ಈಗ ತಿಳೀತು. ನಗಾಕ ನಿಮಗೇನು ಖರ್ಚಿಲ್ಲ."

ಕಾಸೀಮಸಾಬ ಅದನ್ನೂ ಹೇಳಿದ. ನಗು ನಿಂತಿತು. ತಹಶೀಲ್ದಾರರು ಕನ್ನಡಕ ಹಾಕಿಕೊಂಡು ಉಮಾಪತಿಯ ಜೊತೆ ಏನೋ ಮಾತಾಡಿದರು. ಮಾತಾಡುತ್ತ ಮಾತಾಡುತ್ತ ಉಮಾಪತಿಯ ಮುಖ ಅರಳಿತು. ಕಾಸೀಮಸಾಬನ ಮುಖ ಬಾಡಿತು.

"ಸಾಹೇಬ್ರು ಹೇಳ್ತಾರ," ಎಂದ ಕಾಸೀಮಸಾಬ. "ನಾಟಕ ಆಡಿಲ್ಲ ಅಂತ ತಕರಾರ ಇದ್ರ, ಕಂಪನಿ ತನ್ನ ಖರ್ಚಿನ್ಯಾಗ ಒಂದು ನಾಟಕ ಆಡಸ್ತೈತಿ. ನೀವದನ್ನ ನೋಡಿ ಆದ ಮ್ಯಾಲ ಏಳಬೇಕು. ಮುಂದ ತಕರಾರ ಮಾಡಂಗಿಲ್ಲ. ಕಬೂಲ್?"

ಯಾರೂ ತುಟಿ ತೆರೆಯಲಿಲ್ಲ. ಆ ಶಬ್ದ ಏನು ಮಾಡುತ್ತದೆ ಎಂದು ಈಗ ಕೂಸಿಗೂ ಗೊತ್ತಿತ್ತು.

ತಹಶೀಲ್ದಾರರು ಕಾದರು. ಆಮೇಲೆ ಬರೆದುಕೊಂಡರು.

"ಸುಮ್ನಿರೂದನ್ನೂ ಕಬೂಲ್ ಅಂತ ಬರಕೊಂಡ್ರು," ಎಂದ ಕಾಸೀಮಸಾಬ. ಟಾಂಗಾದ ಕಡೆ ಹೊರಟವನು ಸುಂಕಲಮ್ಮನ ಹತ್ತಿರ ಚಪ್ಪಲಿಯ ಮುಳ್ಳು ತೆಗೆಯುವವನಂತೆ ಬಗ್ಗಿದ. "ತಂಗೀ, ಸಾಹೇಬ್ರ ಮಾತು 'ನೋಡಿ ಆದ ಮ್ಯಾಲ' ಅಂತ ಐತಿ. ಆಡಿದ ಮ್ಯಾಲ ಅಂತಿಲ್ಲ. ಬರದದ್ದೂ ಹಂಗ. ಈ ಸಲ ನಾ ತಪ್ಪು ಹೇಳಿಲ್ಲ ನೋಡು."

ಮೇಳದವರನ್ನು ಹುಡುಕಲು ಉಮಾಪತಿಗೆ ಕಷ್ಟವಾಗಲಿಲ್ಲ. ತಾವರಗೇರಾದ ಕಂಪನಿ ಮುರಿದುಬಿದ್ದು, ಆಟಗಾರರು ಊರಿಗೆ ಹೋಗಲು ದಾರಿ ಖರ್ಚಿಲ್ಲದೆ ಅಲ್ಲೇ ಉಳಿದಿದ್ದರು. ರಾತ್ರಿಯ ತನಕ ಕಾಯಲು ಉಮಾಪತಿಗೆ ಪುರಸೊತ್ತಿರಲಿಲ್ಲ. ಮರುದಿನ ಸುಡುಬಿಸಿಲಿನಲ್ಲೇ ಎರಡು ಬಂಡಿ ಜೋಡಿಸಿ ರಂಗ ಮಾಡಿಸಿದ. ಹಿಂದೆ ಒಂದು ಹರಕು ಪರದೆ. ಪರದೆಯ ಮೇಲೆ ಅರಮನೆ. ಅರಮನೆಯ ಹಿಂದೆ ನಿಜವಾದ ಬಯಲು.

ರಂಗದ ಮುಂದೆ ಹೊಸ ಜಮಖಾನ ಹಾಸಿದ್ದರು. ಪಕ್ಕದಲ್ಲಿ ಮೂರು ಕುರ್ಚಿ, ತಹಶೀಲ್ದಾರರಿಗೆ, ಗೌಡನಿಗೆ, ಉಮಾಪತಿಗೆ. ನಾಟಕ ಆಯಿತು ಎಂದು ಸಾಹೇಬರೇ ಕಣ್ಣಾರೆ ಕಂಡು ಬರೆಯಬೇಕಿತ್ತು.

"ಬರ್ರಿ, ಬರ್ರಿ! ಮುಂದ ಕುಂದರ್ರಿ!" ಎಂದ ಉಮಾಪತಿ ಕೈ ಬೀಸಿ. "ಏ ಅಮರಪ್ಪಾ, ಬಾರಪಾ. ನಿನಗ ನಡುವಿನ ಜಾಗಾ. ಇನ್ನ ಹರಕಿನ್ಯಾಗ ನೋಡೂ ಕಾರಣಿಲ್ಲ."

ಅಮರಪ್ಪ ಜಮಖಾನ ನೋಡಿದ. ಕೆಂಪು ನೀಲಿ ಪಟ್ಟೆಯ ಜಮಖಾನ. ಅಂಥದರ ಮೇಲೆ 'ಕೂರು' ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪರದೆಯ ಅಂಚಿನಲ್ಲಿ ರಾಜ ನಿಂತಿದ್ದ. ಅದೇ ರಾಜ. ಬಿಸಿಲಿಗೆ ಮುಖದ ಬಣ್ಣ ಕರಗಿ ಕೊರಳಿಗೆ ಇಳಿದಿತ್ತು. ಬಡಕಲು ಮನುಷ್ಯ, ಊಟ ಕಂಡು ದಿನವಾದಂತಿತ್ತು. ಕಿರೀಟ ಮಾತ್ರ ಹೊಳೆಯುತ್ತಿತ್ತು.

ಗಂಟೆ ಬಾರಿಸಿದರು. ದೊಡ್ಡಿಯವರು ಅಮರಪ್ಪನನ್ನು ನೋಡಿದರು. ಸುಂಕಲಮ್ಮನೂ ನೋಡಿದಳು. ಕಾಸೀಮಸಾಬ ಕಿವಿಗೆ ಹಾಕಿದ್ದನ್ನು ಅವಳು ಹಿಂದಿನ ದಿನವೇ ಎಲ್ಲರಿಗೂ ಹೇಳಿಯಾಗಿತ್ತು. ಉಳಿದದ್ದು ಅವನಿಗೆ ಬಿಟ್ಟದ್ದು.

ಎರಡನೆಯ ಗಂಟೆಗೆ ಅಮರಪ್ಪ ಎದ್ದ. ಕಂಬಳಿ ಕೊಡವಿ ಹೆಗಲಿಗೆ ಹಾಕಿದ. ಉಮಾಪತಿ ಜಮಖಾನದ ಮೇಲೆ ಕೈಯಿಂದಲೇ ಜಾಗ ಒರೆಸಿದ. ಅಮರಪ್ಪ ಜಮಖಾನದ ತನಕ ಬಂದ. ಅದನ್ನು ತುಳಿಯದೆ ಸುತ್ತು ಹಾಕಿ ಹಿಂದಕ್ಕೆ ಬಂದ. ಜಮಖಾನಕ್ಕೂ ದೊಣೆಗೂ ನಡುವೆ ಕಂಬಳಿ ಹಾಸಿದ. ದೊಣೆಯ ಕಡೆ ಮುಖ ಮಾಡಿ, ರಂಗಕ್ಕೆ ಬೆನ್ನು ಕೊಟ್ಟು ಕೂತ.

"ಏ ಮಳ್ಳ, ನಾಟಕ ಈಕಡೆ ಐತಿ!" ಎಂದ ಉಮಾಪತಿ.

"ಇಲ್ಲಿಂದ ಛಲೋ ಕಾಣ್ತೈತ್ರಿ," ಎಂದ ಅಮರಪ್ಪ, ತಿರುಗದೆ.

ಸುಂಕಲಮ್ಮ ಎದ್ದು ಅವನ ಮಗ್ಗುಲಲ್ಲಿ ಕೂತಳು. ಮುದುಕಮ್ಮ ಸೊಂಟ ಹಿಡಿದುಕೊಂಡು ಬಂದು ಕೂತಳು. "ನೋಡೋರಿಲ್ಲದ ಮ್ಯಾಲ ಅದ್ಯಾವ ನಾಟಕ ಬಿಡ್ರಿ," ಎಂದಳು. ಆಮೇಲೆ ಎಲ್ಲರೂ ಬಂದರು. ಹೆಂಗಸರು ಮಕ್ಕಳ ತಲೆಯನ್ನು ಕೈಯಿಂದ ಆಕಡೆ ತಿರುಗಿಸಿ ಹಿಡಿದರು. ದೂರ ನಿಂತಿದ್ದ ತೆಲುಗು ಕೂಲಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯ ಕೂಲಿ ತಲೆಯ ವಸ್ತ್ರ ಬಿಚ್ಚಿ ನೆಲಕ್ಕೆ ಹಾಸಿ, ತಾನೂ ಬೆನ್ನು ತಿರುಗಿಸಿ ಕೂತ. ಆಮೇಲೆ ಉಳಿದವರೂ ಕೂತರು.

ಪೇಟಿ ಬಾರಿಸುವವನು ದನಿ ಹಿಡಿದ. ರಾಜ ಮುಂದೆ ಬಂದ. ಎದುರಿಗೆ ಬರೀ ಜಮಖಾನ, ಅದರಾಚೆ ಬರೀ ಬೆನ್ನು. ಅವನಿಗೆ ದಿಕ್ಕು ತೋಚಲಿಲ್ಲ. ಉಮಾಪತಿ ಹಲ್ಲು ಕಡಿದು "ಹಾಡೋ!" ಎಂದ. ರಾಜ ಹಾಡಿದ.

"ಕ್ಯಾ, ದೇಖ್ ರಹೇ ಹೈಂ?" ಎಂದು ಕೇಳಿದರು ತಹಶೀಲ್ದಾರರು, ನೋಡುತ್ತಿದ್ದಾರೆಯೇ ಎಂದು.

ಕಾಸೀಮಸಾಬ ಕೊಡೆಯನ್ನು ನೆಟ್ಟಗೆ ಹಿಡಿದ. "ಇಲ್ಲ ಹುಜೂರ್. ಇನ್ನೂ ನೋಡಿಲ್ಲ."

ಅಮೀನ ಎದ್ದು ಲಾಠಿಯವರಿಗೆ ಸನ್ನೆ ಮಾಡಿದ. ಅವರು ಬಂದು ಸಾಲಿನ ಹಿಂದೆ ನಿಂತರು. ಬೂಟಿನ ಸಪ್ಪಳ ಬೆನ್ನ ಹತ್ತಿರವೇ ಕೇಳುತ್ತಿತ್ತು. ಹಾಡು ಎರಡನೆಯ ನುಡಿಗೆ ಬಂತು. ಅಮರಪ್ಪನಿಗೆ ತುಂಬ ಸೇರಿದ ನುಡಿ. ಅವನ ತುಟಿ ಹಾಡಿನ ಜೊತೆ ಅಲುಗತೊಡಗಿತು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಏ," ಎಂದಳು ಸುಂಕಲಮ್ಮ ಮೆಲ್ಲಗೆ.

"ನೋಡಾಕತ್ತಿಲ್ಲ ಬಿಡು," ಎಂದ ಅಮರಪ್ಪ. "ಬರೇ ಕೇಳಾಕತ್ತೀನಿ."

"ತಿರುಗ್ರಲೇ!" ಎಂದು ಉಮಾಪತಿ ಒದರಿದ. "ತಿರುಗಿ ನೋಡ್ರಲೇ!"

ಒಂದು ಬೆನ್ನೂ ಅಲುಗಲಿಲ್ಲ.